ಫೋನಿನಲ್ಲಿ ಸಿಗದ ಪರ್ವಾಜ್

ಬೆಂಗಳೂರಿನಲ್ಲಿ ಪರ್ವಾಜ್ ಅಂತ ಒಂದು ಬ್ಯಾಂಡ್ ಇದೆ. ಕಾಶ್ಮೀರದಿಂದ ಬಂದ ಇಬ್ಬರು ಗೆಳೆಯರು, ಖಾಲಿದ್ ಅಹಮದ್ ಮತ್ತು ಕಾಶಿಫ್ ಇಕ್ಬಾಲ್, 2010ರಲ್ಲಿ ಇದನ್ನು ಕಟ್ಟಿದರು. ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. ಪರ್ವಾಜ್ ಎಂದರೆ ಹಾರಾಟ. 2014ರಲ್ಲಿ ಇವರ ‘ಬರಾನ್’ ಆಲ್ಬಂ ಬಂತು. ಬರಾನ್ ಎಂದರೆ ಮಳೆ. ಸಂಗೀತದ ಬಗ್ಗೆ ಬರೆಯುವವರು ಇವರದನ್ನು ಸೈಕೆಡೆಲಿಕ್ ರಾಕ್ ಅನ್ನುತ್ತಾರೆ.

ನಮ್ಮಲ್ಲಿ ಮೂವರಿಗೆ ಈ ಬ್ಯಾಂಡ್ ಅಂದರೆ ಬಹಳ ಇಷ್ಟ. ಒಬ್ಬ ಹಾವೇರಿಯವನು, ಒಬ್ಬಳು ಗದಗ ಜಿಲ್ಲೆಯವಳು, ಇನ್ನೊಬ್ಬ ಕೋಲಾರದವನು. ಜರ್ನಲಿಸಂ ಓದುವಾಗ ಹಾಸ್ಟೆಲಿನಲ್ಲಿ ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ಕೇಳುತ್ತಿದ್ದೆವು. ಮೂರು ವರ್ಷ ಹಾಗೇ ಕೇಳಿದೆವು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ, 2019ರ ಕೊನೆಯಲ್ಲಿ, ಅವರ ‘ಕುನ್’ ಆಲ್ಬಂ ಬಂದ ಹೊಸತರಲ್ಲಿ, ಮೊದಲ ಸಲ ಎದುರಿಗೆ ನಿಂತು ಕೇಳಿದೆವು.

ಆ ರಾತ್ರಿಯ ಬಗ್ಗೆ ಊರಲ್ಲಿ ಯಾರಿಗೆ ಹೇಳಿದರೂ ಮೂರೇ ಪ್ರಶ್ನೆ ಬರುತ್ತವೆ. ಆ ಹಾಡು ನಿಮಗೆ ತಿಳಿಯುತ್ತದಾ? ಅಲ್ಲೆಲ್ಲ ಗಾಂಜಾ ಸೇದುತ್ತಾರಂತೆ, ಹೌದಾ? ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುವ ಹಾಡಿಗೆ ದುಡ್ಡು ಕೊಟ್ಟು ಯಾಕೆ ಹೋದಿರಿ? ಮೂರಕ್ಕೂ ಇಲ್ಲಿ ಉತ್ತರ ಬರೆಯುತ್ತಿದ್ದೇವೆ. ಮೂರನೆಯದೇ ಮುಖ್ಯವಾದದ್ದು, ಅದಕ್ಕೆ ಹೆಚ್ಚು ಜಾಗ ಬೇಕು.

ಗಾಂಜಾ ಪ್ರಶ್ನೆ ಮೊದಲು

ಸೈಕೆಡೆಲಿಕ್ ಎಂಬ ಪದ ಹುಟ್ಟಿದ್ದು 1956ರಲ್ಲಿ. ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಲೇಖಕ ಆಲ್ಡಸ್ ಹಕ್ಸ್ಲಿಗೆ ಬರೆದ ಪತ್ರದಲ್ಲಿ ಇದನ್ನು ಬಳಸಿದರು. ಎರಡು ಗ್ರೀಕ್ ಪದ ಸೇರಿಸಿ ಮಾಡಿದ್ದು. ಮನಸ್ಸನ್ನು ಕಾಣಿಸುವುದು ಅಂತ ಅರ್ಥ. ಅವರು ಮಾತಾಡುತ್ತಿದ್ದುದು ಎಲ್‌ಎಸ್‌ಡಿಯಂಥ ಮಾದಕ ವಸ್ತುಗಳ ಬಗ್ಗೆಯೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1965ರ ನಂತರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಇಂಗ್ಲೆಂಡಿನ ಲಂಡನ್‌ನಲ್ಲಿ ಈ ಹೆಸರಿನ ಸಂಗೀತ ಬೆಳೆದಾಗ ಎಷ್ಟೋ ಜನ ನಶೆಯಲ್ಲಿದ್ದರು. ಪಿಂಕ್ ಫ್ಲಾಯ್ಡ್ ಎಂಬ ದೊಡ್ಡ ಬ್ಯಾಂಡಿನ ಮೊದಲ ಹಾಡುಗಾರ ಸಿಡ್ ಬ್ಯಾರೆಟ್ ಮನಸ್ಸಿನ ಸ್ಥಿತಿ ಕೆಟ್ಟು 1968ರಲ್ಲೇ ಬ್ಯಾಂಡಿನಿಂದ ಹೊರಗಾದರು.

ಆದರೆ ಆ ಸಂಗೀತದ ಒಳಗಿರುವ ಸರಕಿನಲ್ಲಿ ಒಂದು ಭಾಗ ನಮ್ಮ ದೇಶದ್ದು. 1965ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಒಂದು ಹಾಡಿಗೆ ಸಿತಾರ್ ನುಡಿಸಿದರು. ಮರುವರ್ಷ ಭಾರತಕ್ಕೆ ಬಂದು ಪಂಡಿತ್ ರವಿಶಂಕರ್ ಹತ್ತಿರ ಕಲಿತರು. ಅದೇ 1966ರಲ್ಲಿ ಬಂದ ಬೀಟಲ್ಸ್‌ನ ‘ರಿವಾಲ್ವರ್’ ಆಲ್ಬಮಿನ ಕೊನೆಯ ಹಾಡಿನಲ್ಲಿ ತಂಬೂರಿಯ ಶ್ರುತಿ ಇದೆ. ಹಾಡು ಹೆಚ್ಚು ಕಡಿಮೆ ಆ ಒಂದೇ ಶ್ರುತಿಯ ಮೇಲೆ ನಿಂತಿದೆ. ಅಲ್ಲಿಯವರೆಗೆ ರಾಕ್ ಹಾಡು ಅಂದರೆ ಮೂರು ನಿಮಿಷ, ಮುಗಿಯಿತು. ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿ ಅದರ ಮೇಲೆ ನಿಧಾನಕ್ಕೆ ಆಲಾಪದಂತೆ ಬೆಳೆಸುತ್ತ ಹೋಗಬಹುದು ಎಂಬುದು ಅವರಿಗೆ ಹೊಸದು. ತಂಬೂರಿ, ಏಕತಾರಿ ಕೇಳಿ ಬೆಳೆದ ನಮಗೆ ಹೊಸದಲ್ಲ.

ನಮ್ಮ ಕಡೆ ಶಿಶುನಾಳ ಶರೀಫರು ಗುಡಗುಡಿಯ ಮೇಲೆ ಪದ ಕಟ್ಟಿದ್ದಾರೆ. ಅದನ್ನು ಹಾಡುವ ಹಿರಿಯರು ತಂಬಾಕು ಮಾರುತ್ತಿದ್ದಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಈ ಸಂಗೀತವನ್ನೂ ಹಾಗೆ ಕೇಳಬಹುದು. ನಾವು ಅವತ್ತು ಕುಡಿದದ್ದು ತಲಾ ಒಂದು ನಿಂಬೆ ಸೋಡಾ. ಅದಕ್ಕೇ 180 ರೂಪಾಯಿ ಹಾಕಿದ್ದರು. ಎರಡನೆಯದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬಾಗಿಲಲ್ಲಿ ರೊಟ್ಟಿ ಗಂಟು

ಟಿಕೆಟ್ ತಲಾ 499 ರೂಪಾಯಿ. ಆಗಿನ ನಮ್ಮ ಸಂಬಳದಲ್ಲಿ ಅದು ನಾಲ್ಕು ದಿನದ ಊಟ. ಗದಗಿನವಳು ಅವತ್ತೇ ಊರಿಂದ ಬಂದಿದ್ದಳು. ಬಸ್ಸು ತಡವಾಗಿ ಮೆಜೆಸ್ಟಿಕ್ಕಿಗೆ ಬಂದದ್ದರಿಂದ ಪಿಜಿಗೆ ಹೋಗಿ ಚೀಲ ಇಡಲು ಹೊತ್ತಿರಲಿಲ್ಲ. ಮೆಟ್ರೊ ಹತ್ತಿ ನೇರ ಇಂದಿರಾನಗರಕ್ಕೆ ಬಂದಳು. ಚೀಲದಲ್ಲಿ ಅವಳ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ.

ಬಾಗಿಲಲ್ಲಿ ಚೀಲ ತೆಗೆಸಿ ನೋಡಿದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂತ ಒಬ್ಬರು ಇಂಗ್ಲಿಷಿನಲ್ಲಿ ಹೇಳಿ ಕಸದ ಡಬ್ಬಿ ತೋರಿಸಿದರು. ಅವಳ ಮುಖ ಸಣ್ಣದಾಯಿತು. ಆಗ ಪಕ್ಕದಲ್ಲಿದ್ದ ಸೆಕ್ಯೂರಿಟಿ ಹುಡುಗ ಗಂಟು ನೋಡಿ, “ಅಕ್ಕಾ, ಒಳಗ ಬಿಡಂಗಿಲ್ರಿ. ಇಲ್ಲೇ ನನ್ನ ಕುರ್ಚಿ ಕೆಳಗ ಇಡ್ರಿ, ನಾ ನೋಡ್ಕೋತೀನಿ” ಅಂದ. ಕಲಬುರಗಿ ಕಡೆಯವನಂತೆ. ಹೊರಗೆ ಬಂದಾಗ ಗಂಟು ಹಾಗೇ ಇತ್ತು. ಎರಡು ರೊಟ್ಟಿ ಅವನಿಗೆ ಕೊಟ್ಟು ಬಂದೆವು.

ಒಳಗೆ ಇನ್ನೂರೋ ಮುನ್ನೂರೋ ಜನ. ಹೆಚ್ಚಿನವರು ಕಾಲೇಜಿನವರು, ಐಟಿ ಕೆಲಸದವರು. ಕೂರಲು ಜಾಗವಿಲ್ಲ, ಎಲ್ಲರೂ ನಿಂತೇ ಇರಬೇಕು. ವೇದಿಕೆ ಎಂದರೆ ನಮ್ಮ ಮೊಣಕಾಲೆತ್ತರದ ಕಟ್ಟೆ. ಹಾಡುವವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ತಂತಿ, ಪೆಟ್ಟಿಗೆ, ಗಾಳಿ

ದೀಪ ಆರಿತು. ಗಿಟಾರಿನಿಂದ ಒಂದೇ ಒಂದು ಸ್ವರ ಬಂತು. ಅದು ನಿಲ್ಲಲಿಲ್ಲ.

ಇದು ಹೇಗೆ ಆಗುತ್ತದೆ ಎಂದು ನಾವು ಆಮೇಲೆ ಓದಿ, ಕೇಳಿ ತಿಳಿದುಕೊಂಡೆವು. ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತ ಮತ್ತು ಅದಕ್ಕೆ ಸುತ್ತಿದ ತಾಮ್ರದ ತಂತಿ ಇರುತ್ತದೆ. ಮೇಲಿನ ಉಕ್ಕಿನ ತಂತಿ ಅಲ್ಲಾಡಿದರೆ ಅಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಆ ಕರೆಂಟ್ ಕೇಬಲಿನಲ್ಲಿ ಹರಿದು ನೆಲದ ಮೇಲಿಟ್ಟ ಪೆಡಲ್ ಪೆಟ್ಟಿಗೆಗಳ ಮೂಲಕ ಹಾದು ಸ್ಪೀಕರಿಗೆ ಹೋಗುತ್ತದೆ. ನುಡಿಸುವವರು ಪೆಡಲನ್ನು ಕಾಲಲ್ಲಿ ಒತ್ತುತ್ತಾರೆ. ಒಂದು ಪೆಡಲ್ ಸ್ವರವನ್ನು ಬೇಕೆಂದೇ ಹರಿಯುತ್ತದೆ. ಹರಿದ ಸ್ಪೀಕರಿನಿಂದ ಬರುವಂಥ ಗರಗರ ಅದು. ಇನ್ನೊಂದು ಪೆಡಲ್ ಮಾರ್ದನಿ ಕೊಡುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ಕೂಗು ಮರಳಿ ಬರುತ್ತದಲ್ಲ, ಹಾಗೆ ಒಂದು ಸ್ವರ ಐದಾರು ಸಲ ಮರಳಿ ಬರುತ್ತದೆ. ಮೊದಲು ಇದನ್ನು ಟೇಪ್ ಸುತ್ತಿಸುವ ಯಂತ್ರದಲ್ಲಿ ಮಾಡುತ್ತಿದ್ದರು, ಈಗ ಅಂಗೈ ಅಗಲದ ಪೆಟ್ಟಿಗೆ ಸಾಕು.

ಇನ್ನೊಂದು ನಿಮಗೆಲ್ಲ ಗೊತ್ತಿರುವುದೇ. ಜಾತ್ರೆಯಲ್ಲಿ ಮೈಕನ್ನು ಸ್ಪೀಕರಿನ ಮುಂದೆ ತಂದರೆ ‘ಕುಂಯ್’ ಅನ್ನುತ್ತದೆ. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಸುತ್ತುತ್ತ ಬೆಳೆಯುತ್ತದೆ. ನಮ್ಮ ಮೈಕ್ ಸೆಟ್ಟಿನವರು ಅದನ್ನು ಕೂಡಲೇ ನಿಲ್ಲಿಸುತ್ತಾರೆ. ಈ ಸಂಗೀತದವರು ಗಿಟಾರನ್ನು ಸ್ಪೀಕರಿನ ಎದುರು ಹಿಡಿದು ಅದೇ ‘ಕುಂಯ್’ ಅನ್ನು ಪಳಗಿಸಿ ಸ್ವರ ಮಾಡುತ್ತಾರೆ. ತಂತಿ ಮೀಟದೆಯೂ ಸ್ವರ ನಿಂತೇ ಇರುತ್ತದೆ.

ಅದರ ಕೆಳಗೆ ಬೇಸ್ ಗಿಟಾರ್ ಸೇರಿತು, ಡ್ರಮ್ಸ್ ಸೇರಿತು. ಅಷ್ಟು ಹೊತ್ತಿಗೆ ನಮಗೆ ಗೊತ್ತಾಯಿತು, ಮೂರು ವರ್ಷ ಹಾಸ್ಟೆಲಿನಲ್ಲಿ ಕೇಳಿದ್ದು ಇದರ ಅರ್ಧ ಮಾತ್ರ ಅಂತ.

ಇದು ಭಾವನೆಯ ಮಾತಲ್ಲ, ಲೆಕ್ಕದ ಮಾತು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸದ್ದು ಜೋರಾಗಿ ಹೊರಡಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೇ ಆ ಸ್ಪೀಕರುಗಳು ಕಪಾಟಿನಷ್ಟು ದೊಡ್ಡವು. ಫೋನಿನ ಸ್ಪೀಕರ್ ಉಗುರಿನಷ್ಟಿರುತ್ತದೆ. ಅದಕ್ಕೆ ಆ ಗಾಳಿ ತಳ್ಳಲು ಆಗುವುದಿಲ್ಲ. ಕೆಳಗಿನ ಸ್ವರ ಅದರಿಂದ ಹೊರಡುವುದೇ ಇಲ್ಲ. ಮೇಲಿನ ಪುಟ್ಟ ಸ್ವರಗಳನ್ನು ಕೇಳಿ, ಕೆಳಗಿನದು ಹೀಗಿರಬೇಕು ಎಂದು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಇಯರ್‌ಫೋನ್ ಕಿವಿಗೆ ಸ್ವಲ್ಪ ಕೊಡುತ್ತದೆ. ಮೈಗೆ ಕೊಡುವುದಿಲ್ಲ.

ಡೊಳ್ಳಿನ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಬೀರಪ್ಪನ ಜಾತ್ರೆಯಲ್ಲಿ ಹತ್ತು ಡೊಳ್ಳು ಒಟ್ಟಿಗೆ ಬಿದ್ದರೆ ಎದೆಗೂಡು ನಡುಗುತ್ತದೆ. ಅದೇ ಡೊಳ್ಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ. ಡಬ್ಬಿ ಬಡಿದಂತೆ ಇರುತ್ತದೆ.

ತಿಳಿಯದ ಮಾತು

ಈಗ ಮಾತು ತಿಳಿಯುತ್ತದಾ ಎಂಬ ಪ್ರಶ್ನೆ. ಕೋಲಾರದವನಿಗೆ ಉರ್ದು ಅಲ್ಪಸ್ವಲ್ಪ ಬರುತ್ತದೆ, ಅವನ ಬೀದಿಯಲ್ಲಿ ದಖನಿ ಆಡುವವರು ಬಹಳ. ಉಳಿದಿಬ್ಬರಿಗೆ ನಾಲ್ಕು ಪದ ತಿಳಿದರೆ ಹೆಚ್ಚು. ಕಾಶ್ಮೀರಿ ಮೂವರಿಗೂ ಬರುವುದಿಲ್ಲ.

ಆದರೆ ತಿಳಿಯದ ಮಾತಿನ ಹಾಡಿಗೆ ಕೂರುವ ಅಭ್ಯಾಸ ನಮ್ಮ ಊರುಗಳಿಗಿದೆ. ಅಲಾವಿ ಹಬ್ಬದಲ್ಲಿ ರಿವಾಯತ ಪದಕ್ಕೆ ಹೆಜ್ಜೆ ಹಾಕುವ ಹುಡುಗರಲ್ಲಿ ಎಷ್ಟು ಜನಕ್ಕೆ ಕರ್ಬಲಾದ ಕಥೆ ಪೂರ್ತಿ ಗೊತ್ತು? ಮನೆಯಲ್ಲಿ ಪೂಜೆಗೆ ಬಂದವರು ಹೇಳುವ ಮಂತ್ರದ ಅರ್ಥ ಯಾರು ಕೇಳಿದ್ದಾರೆ? ಹಾಡು ದುಃಖದ್ದೋ, ಜಗಳದ್ದೋ, ಬೇಡಿಕೊಳ್ಳುವುದೋ ಎಂಬುದು ಪದಕ್ಕಿಂತ ಮೊದಲು ದನಿಯಲ್ಲಿ ತಿಳಿಯುತ್ತದೆ.

ಖಾಲಿದ್ ಅವರ ದನಿ ಕೆಳಗಿನಿಂದ ಎದ್ದು ಬಹಳ ಮೇಲೆ ಹೋಗುತ್ತದೆ, ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಕಣ್ಣು ಮುಚ್ಚಿ ಹಾಡುತ್ತಿದ್ದರು. ನಡುವೆ ಮಾತು ಬಹಳ ಕಡಿಮೆ. ಹಾಡುಗಳು ಆಲ್ಬಮಿನಲ್ಲಿರುವುದಕ್ಕಿಂತ ಉದ್ದವಾಗುತ್ತಿದ್ದವು. ಒಂದು ಕಡೆ ಎಲ್ಲ ವಾದ್ಯ ನಿಂತು ಬರೀ ಶ್ರುತಿ ಉಳಿಯಿತು. ಅಷ್ಟು ಜನರಿದ್ದ ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಆಗ ಗದಗಿನವಳು ಅಳುತ್ತಿದ್ದುದನ್ನು ನೋಡಿದೆವು. ಏನಾಯಿತೆಂದು ಆಗ ಕೇಳಲಿಲ್ಲ. ರಾತ್ರಿ ಆಟೋ ಕಾಯುತ್ತ ನಿಂತಾಗ ಅವಳೇ ಹೇಳಿದಳು.

ಅವಳ ಅಜ್ಜ ಊರಿನ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಿದ್ದರು. ಅಮಾವಾಸ್ಯೆಗೊಮ್ಮೆ ಮಠದಲ್ಲಿ ರಾತ್ರಿಯಿಡೀ ಭಜನೆ. ಚಿಕ್ಕವಳಿದ್ದಾಗ ಅಜ್ಜನ ಬೆನ್ನಿಗೆ ಒರಗಿ ಕೂರುತ್ತಿದ್ದಳು. ಏಕತಾರಿ ಅಜ್ಜನ ತೊಡೆಯ ಮೇಲೆ. ತಂತಿಯ ಸದ್ದು, ಅಜ್ಜನ ದನಿ ಎರಡೂ ಅವರ ಬೆನ್ನಿನಿಂದ ಅವಳ ಬೆನ್ನಿಗೆ ಬರುತ್ತಿದ್ದವು. ಕಿವಿಯಲ್ಲಿ ಕೇಳುವ ಮೊದಲು ಬೆನ್ನಿನಲ್ಲಿ ಕೇಳುತ್ತಿತ್ತಂತೆ. ಹಾಗೇ ನಿದ್ದೆ ಹೋಗುತ್ತಿದ್ದಳು.

ಅಜ್ಜ ಹೋಗಿ ಆಗ ಎರಡು ವರ್ಷವಾಗಿತ್ತು. ಅವಳ ಫೋನಿನಲ್ಲಿ ಅಜ್ಜ ಹಾಡಿದ ಹನ್ನೊಂದು ಪದಗಳಿವೆ. ಒಂದೊಂದು ಮಾತೂ ಸ್ಪಷ್ಟ ಕೇಳುತ್ತದೆ. “ಆದ್ರ ಅದರಾಗ ಅಜ್ಜ ಇಲ್ಲ” ಅಂದಳು. “ಇವತ್ತ ಆ ಶ್ರುತಿ ನೆಲದಾಗಿಂದ ಕಾಲಿಗೆ ಬಂತಲ್ಲ, ಆವಾಗ ಇದ್ದ.”

ನಾವಿಬ್ಬರೂ ಏನೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ.

ಪಕ್ಕದಲ್ಲಿ ನಿಂತಿದ್ದವನು

ಫೋನನ್ನು ಬರೀ ಬೈದರೆ ಈ ಬರಹ ಅರ್ಧವಾಗುತ್ತದೆ. ಅದೇ ರಾತ್ರಿ ಇನ್ನೊಂದು ನೋಡಿದೆವು.

ನಮ್ಮ ಪಕ್ಕ ಒಬ್ಬ ಹುಡುಗ ಒಬ್ಬನೇ ಬಂದಿದ್ದ. ಕಾಶ್ಮೀರದವನು, ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದ. ಹಾಡುಗಳ ನಡುವೆ ಕೋಲಾರದವನು ಅವನ ಹತ್ತಿರ ಹಿಂದಿಯಲ್ಲಿ ಅರ್ಥ ಕೇಳುತ್ತಿದ್ದ, ಅವನೂ ಖುಷಿಯಿಂದ ಹೇಳುತ್ತಿದ್ದ. ಕಾಶ್ಮೀರಿ ಹಾಡು ಶುರುವಾದಾಗ ಅವನು ಮಾತು ನಿಲ್ಲಿಸಿ ಫೋನ್ ತೆಗೆದ. ಎಲ್ಲರೂ ವಿಡಿಯೊ ಮಾಡುತ್ತಿದ್ದರು, ಇವನು ವಿಡಿಯೊ ಮಾಡಲಿಲ್ಲ. ಮನೆಗೆ ಕಾಲ್ ಹಚ್ಚಿ, ಫೋನನ್ನು ವೇದಿಕೆಯ ಕಡೆ ಎತ್ತಿ ಹಿಡಿದ. ಹಾಡು ಮುಗಿಯುವ ತನಕ ಕೈ ಇಳಿಸಲಿಲ್ಲ.

2019ರ ಆಗಸ್ಟ್ 5ರಿಂದ ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರು. ಮೊದಲು ಫೋನ್ ಕರೆಯೂ ಇರಲಿಲ್ಲ. ಪೋಸ್ಟ್‌ಪೇಯ್ಡ್ ಮೊಬೈಲುಗಳಿಗೆ ಅಕ್ಟೋಬರ್ ಮಧ್ಯದಲ್ಲಿ ಕರೆ ಮತ್ತೆ ಬಂತು. ಇಂಟರ್ನೆಟ್ ಬರಲಿಲ್ಲ. ವಾಟ್ಸಾಪಿನಲ್ಲಿ ಹಾಡು ಕಳಿಸುವಂತಿಲ್ಲ, ಯೂಟ್ಯೂಬ್ ತೆರೆಯುವಂತಿಲ್ಲ. 4ಜಿ ಪೂರ್ತಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಹೀಗಾಗಿ ಅವನಿಗೆ ಇದ್ದ ದಾರಿ ಒಂದೇ, ಕಾಲ್ ಮಾಡಿ ಫೋನ್ ಎತ್ತಿ ಹಿಡಿಯುವುದು.

ಆ ಕಡೆ ಅವನ ತಾಯಿಗೆ ಏನು ಕೇಳಿಸಿರಬೇಕು? ಬೇಸ್ ಇಲ್ಲ, ಮಾರ್ದನಿ ಇಲ್ಲ, ಗರಗರದ ನಡುವೆ ತಮ್ಮ ಮಾತಿನ ಎರಡು ಮೂರು ಪದ ಇದ್ದರೆ ಹೆಚ್ಚು. ಹಾಡು ಮುಗಿದ ಮೇಲೆ ಅವನು ಫೋನನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದ. ಆಮೇಲೆ ನಮ್ಮ ಕಡೆ ತಿರುಗಿ, ಅಮ್ಮ ಹಾಡಿನ ಬಗ್ಗೆ ಏನೂ ಹೇಳಲಿಲ್ಲ, ಚಳಿಗೆ ಸ್ವೆಟರ್ ಹಾಕಿಕೊಂಡಿದ್ದೀಯಾ ಅಂತ ಕೇಳಿದಳು ಅಂದ. ನಾವು ನಕ್ಕೆವು, ಅವನೂ ನಕ್ಕ.

ಫೋನ್ ಒಯ್ಯಬಲ್ಲದ್ದು ಇಷ್ಟು. ಹಾಡಿನ ಮೈಯನ್ನು ಒಯ್ಯುವುದಿಲ್ಲ. ಹಾಡು ಕೇಳುವಾಗ ನಿನ್ನ ನೆನಪಾಯಿತು ಎಂಬ ಸುದ್ದಿಯನ್ನು ಒಯ್ಯುತ್ತದೆ. ದೂರದಲ್ಲಿರುವವರಿಗೆ ಅದು ಸಣ್ಣದೇನಲ್ಲ. ಆದರೆ ಹತ್ತಿರವಿದ್ದೂ ಫೋನಿನಲ್ಲೇ ಕೇಳಿ ಸಾಕು ಅಂದುಕೊಳ್ಳುವುದು ಬೇರೆ ಮಾತು.

ಊರಿಗೆ ಸಂಬಂಧ

ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಬೆಂಗಳೂರಿನ ಇಂಥ ಕಾರ್ಯಕ್ರಮಗಳು ಅಬ್ಬಬ್ಬಾ ಅಂದರೆ ಎರಡು ಗಂಟೆ. ನಮ್ಮ ಮಠಗಳ ಅಮಾವಾಸ್ಯೆ ಭಜನೆಗೆ ಮೈಕೇ ಬೇಕಿಲ್ಲ. ಹತ್ತು ಜನ ಸುತ್ತ ಕೂತರೆ ಬೆಳಗಿನವರೆಗೆ ನಡೆಯುತ್ತದೆ. ಟಿಕೆಟ್ ಇಲ್ಲ, ಚೀಲ ತೆಗೆಸುವವರಿಲ್ಲ, ನಡುರಾತ್ರಿ ಚಹಾ ಬಿಟ್ಟಿ.

ಆದರೆ ಅಲ್ಲಿ ಕೂರುವವರು ಕಡಿಮೆಯಾಗುತ್ತಿದ್ದಾರೆ. ಪದಗಳು ಯೂಟ್ಯೂಬಿನಲ್ಲಿ ಇದ್ದಾವಲ್ಲ, ಎಲ್ಲಿ ಹೋಗುತ್ತವೆ ಎಂಬ ಮಾತು ನಾವು ಹೋದ ಎಷ್ಟೋ ಊರಲ್ಲಿ ಕೇಳಿದ್ದೇವೆ. ಪದ ಉಳಿಯುತ್ತದೆ, ನಿಜ. ಶರೀಫರು 1889ರಲ್ಲಿ ತೀರಿಕೊಂಡರು, ರೆಕಾರ್ಡಿಂಗ್ ಇಲ್ಲದೆಯೇ ಅವರ ಪದ ನಮ್ಮವರೆಗೆ ಬಂದಿದೆ. ಬಂದದ್ದು ಒಬ್ಬರ ಪಕ್ಕ ಒಬ್ಬರು ಕೂತು ಕೇಳಿ ಕಲಿತದ್ದರಿಂದ.

ಆ ರಾತ್ರಿಯ ನಂತರ ಮೂರು ತಿಂಗಳಿಗೆ ಕೊರೊನಾ ಬಂತು. ಬೆಂಗಳೂರಿನ ಹಾಡಿನ ಜಾಗಗಳೂ ಮುಚ್ಚಿದವು, ನಮ್ಮ ಜಾತ್ರೆಗಳೂ ನಿಂತವು. ಗದಗಿನವಳ ಊರಿನ ಮೇಳದಲ್ಲಿ ಅಜ್ಜನ ಜೊತೆಗಾರರು ಐವರಿದ್ದರು. ಆ ಎರಡು ವರ್ಷದಲ್ಲಿ ಇಬ್ಬರು ತೀರಿಕೊಂಡರು. ಉಳಿದ ಮೂವರು ಈಗಲೂ ಅಮಾವಾಸ್ಯೆಗೆ ಮಠಕ್ಕೆ ಬರುತ್ತಾರೆ. ರಜೆ ಹೊಂದಿಸಿಕೊಂಡು ಆಕೆಯೂ ಹೋಗುತ್ತಾಳೆ. ಅಜ್ಜನ ಏಕತಾರಿಯನ್ನು ಈಗ ಹಿಡಿಯುವವರು ಆಕೆಯ ಚಿಕ್ಕಪ್ಪ. ಅವರಿಗೆ ಇನ್ನೂ ಪೂರ್ತಿ ಶ್ರುತಿ ಕೂಡಿಸಲು ಬರುವುದಿಲ್ಲವಂತೆ, ಮೂವರಲ್ಲಿ ಹಿರಿಯರೊಬ್ಬರು ಬೈಯುತ್ತ ಕೂಡಿಸಿ ಕೊಡುತ್ತಾರಂತೆ.

ಪರ್ವಾಜ್ ಹಾಡುಗಳು ಫೋನಿನಲ್ಲಿ ಸಿಗುತ್ತವೆ, ಕೇಳಿ. ‘ಬರಾನ್’ನಿಂದ ಶುರು ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ, ನಡುವೆ ನಿಲ್ಲಿಸಬೇಡಿ, ಮೊದಲ ಎರಡು ನಿಮಿಷ ಏನೂ ಆಗುತ್ತಿಲ್ಲ ಅನಿಸಿದರೆ ತಾಳಿಕೊಳ್ಳಿ. ಬೆಂಗಳೂರಿನಲ್ಲಿ ಇದ್ದರೆ, ಕೈಯಲ್ಲಿ ದುಡ್ಡಿದ್ದರೆ, ಒಮ್ಮೆ ಎದುರಿಗೆ ನಿಂತು ಕೇಳಿ. ಸ್ಪೀಕರಿಗೆ ತೀರಾ ಹತ್ತಿರ ನಿಲ್ಲಬೇಡಿ, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಂಡರೆ ತಪ್ಪೇನಿಲ್ಲ. ಇಂಥ ಜಾಗಗಳಲ್ಲಿ ಸದ್ದು ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ಊರಲ್ಲೇ ಇರುವವರು ಮುಂದಿನ ಅಮಾವಾಸ್ಯೆಗೆ ನಿಮ್ಮ ಮಠಕ್ಕೋ ಗುಡಿಗೋ ಹೋಗಿ. ಬಾಗಿಲ ಹೊರಗೆ ನಿಂತು ವಿಡಿಯೊ ಮಾಡಿ ಬರಬೇಡಿ. ಒಳಗೆ ಹೋಗಿ ಏಕತಾರಿ ಹಿಡಿದವರ ಪಕ್ಕಕ್ಕೇ ಕೂರಿ. ಭಜನೆ ಮುಗಿದ ಮೇಲೆ ಆ ಪದವನ್ನು ಅವರು ಯಾರ ಪಕ್ಕ ಕೂತು ಕಲಿತರು ಅಂತ ಕೇಳಿ, ನಮಗೂ ಬರೆದು ತಿಳಿಸಿ.